ಓದುಗರ ಪ್ರಶ್ನೆ: ಹೆಪ್ಪು ಇದ್ದರೆ ಸಾಲದು, ಹಾಲೂ ಬೇಕು

ಹೋದ ತಿಂಗಳು ಇದೇ ಅಂಕಣದಲ್ಲಿ ಸ್ಟೆಮ್ ಸೆಲ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮಾತ್ರ ಒಂದು ಕಟ್ಟು. ಕೆಲವನ್ನು ಓದಿ ಖುಷಿಯಾಯಿತು, ಕೆಲವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಈ ಸಲ ಪೂರ್ತಿ ಜಾಗ ಅದಕ್ಕೇ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸ್ಟೆಮ್ ಸೆಲ್ ಅಂದರೆ ಏನು ಸರ್? ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ನಮಗೆ ಬೆರಳು ಯಾಕೆ ಬೆಳೆಯಲ್ಲ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ರಾತ್ರಿ ನಿಮ್ಮಮ್ಮ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀಯಲ್ಲ. ಇದ್ದ ಮೊಸರನ್ನೆಲ್ಲ ಬಡಿಸಿಬಿಡುವುದಿಲ್ಲ, ನಾಳೆಗೆ ಅಂತ ಒಂದು ಚಮಚ ಉಳಿಸಿಕೊಳ್ಳುತ್ತಾರೆ. ಸ್ಟೆಮ್ ಸೆಲ್ ಅಂದರೆ ದೇಹ ಹೀಗೆ ಉಳಿಸಿಕೊಂಡ ಹೆಪ್ಪು. ಅದು ಒಡೆದು ಎರಡಾದಾಗ ಒಂದು ರಕ್ತವೋ ಚರ್ಮವೋ ಆಗಲು ಹೊರಡುತ್ತದೆ, ಇನ್ನೊಂದು ಹೆಪ್ಪಾಗಿಯೇ ಉಳಿಯುತ್ತದೆ. ನಿನ್ನ ಪುಸ್ತಕದಲ್ಲಿ ಇದನ್ನು ಆಕರ ಕೋಶ ಅಂತಲೋ ಕಾಂಡಕೋಶ ಅಂತಲೋ ಬರೆದಿರಬಹುದು, ಎರಡೂ ಒಂದೇ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಮೂಳೆಯೊಳಗಿನ ಮಜ್ಜೆ, ಅಂದರೆ ಬೋನ್ ಮ್ಯಾರೋ, ಒಂದೊಂದು ಸೆಕೆಂಡಿಗೂ ಸುಮಾರು 20 ಲಕ್ಷ ಹೊಸ ಕಣ ಮಾಡಿ ಕಳಿಸುತ್ತಲೇ ಇರಬೇಕು. ಕರುಳಿನ ಒಳಪದರ ನಾಲ್ಕೈದು ದಿನಕ್ಕೇ ಬದಲಾಗುತ್ತದೆ. ಇಂಥ ಕಡೆ ಹೆಪ್ಪು ಬೇಕಾದಷ್ಟಿದೆ. ಹೃದಯದ ಸ್ನಾಯು ಮಾತ್ರ ವರ್ಷಕ್ಕೆ ನೂರರಲ್ಲಿ ಒಂದು ಪಾಲೂ ಹೊಸದಾಗುವುದಿಲ್ಲ, ಮೆದುಳಂತೂ ಇನ್ನೂ ಜಿಪುಣ. ಅದಕ್ಕೇ ಹೃದಯಾಘಾತ ಆದ ಜಾಗದಲ್ಲಿ ಹೊಸ ಸ್ನಾಯು ಬರುವುದಿಲ್ಲ, ಬರೀ ಕಲೆ ಉಳಿಯುತ್ತದೆ.

ಬೆರಳಿನ ವಿಷಯಕ್ಕೆ ಬಂದರೆ, ಚಿಕ್ಕ ಮಕ್ಕಳ ಬೆರಳತುದಿ ಕತ್ತರಿಸಿದರೂ ಉಗುರಿನ ಬುಡ ಉಳಿದಿದ್ದರೆ ಎಷ್ಟೋ ಸಲ ಮತ್ತೆ ಬೆಳೆಯುತ್ತದೆ! ಅದಕ್ಕಿಂತ ಮೇಲೆ ಹೋದರೆ ಇಲ್ಲ. ನಮ್ಮ ದೇಹ ಮೊದಲು ಗಾಯ ಮುಚ್ಚಲು ಓಡುತ್ತದೆ, ಕಲೆ ಕಟ್ಟಿಬಿಡುತ್ತದೆ. ಹಲ್ಲಿಯ ದೇಹಕ್ಕೆ ಅಷ್ಟು ಆತುರ ಇಲ್ಲ. ಯಕೃತ್ತು ಮೂರರಲ್ಲಿ ಎರಡು ಪಾಲು ತೆಗೆದರೂ ಬೆಳೆದುಕೊಳ್ಳುತ್ತದೆ, ಆದರೆ ಅಲ್ಲಿ ಹೆಚ್ಚಿನ ಕೆಲಸ ಮಾಡುವುದು ಹೆಪ್ಪು ಅಲ್ಲ, ಅಲ್ಲಿನ ಮಾಮೂಲಿ ಕೋಶಗಳೇ ಒಡೆದು ಹೆಚ್ಚುತ್ತವೆ.

ಒಂದು ಮಾತು ನೆನಪಿಟ್ಟುಕೋ, ಕೆಳಗಿನ ಉತ್ತರಗಳಿಗೆಲ್ಲ ಬೇಕಾಗುತ್ತದೆ. ಹೆಪ್ಪನ್ನು ಹಾಲಿಗೆ ಹಾಕಿದರೆ ಮೊಸರಾಗುತ್ತದೆ. ಅದೇ ಹೆಪ್ಪನ್ನು ನೀರಿಗೆ ಹಾಕಿದರೆ? ಸ್ಟೆಮ್ ಸೆಲ್‌ಗೂ ಹಾಗೇ, ಅದಕ್ಕೆ ತಕ್ಕ ಜಾಗವೇ ಅದರ ಹಾಲು.

ಪ್ರಶ್ನೆ: ನನಗೀಗ ಏಳು ತಿಂಗಳು. ಹೊಕ್ಕುಳಬಳ್ಳಿ ರಕ್ತ ಕೂಡಿಡುವ ಕಂಪನಿಯವರು ದಿನಾ ಫೋನ್ ಮಾಡುತ್ತಾರೆ. ಮಗುವಿಗೆ ಜೀವವಿಮೆ ಇದ್ದ ಹಾಗೆ ಅಂತಾರೆ. ಅತ್ತೆಯವರಿಗೂ ಮಾಡಿಸಬೇಕು ಅಂತಿದೆ. ಮಾಡಿಸಲಾ?
– ಬೆಂಗಳೂರು

ಉತ್ತರ: ನಿಮ್ಮ ಮನೆಯಲ್ಲಿ ದೊಡ್ಡ ಮಗುವಿಗೆ ಥಲಸ್ಸೀಮಿಯಾವೋ (ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ) ರಕ್ತದ ಕ್ಯಾನ್ಸರೋ ಇದೆಯಾ? ಇದ್ದರೆ ಇವತ್ತೇ ರಕ್ತರೋಗದ ಡಾಕ್ಟರನ್ನು ನೋಡಿ, ಹುಟ್ಟುವ ಮಗುವಿನ ಹೊಕ್ಕುಳಬಳ್ಳಿ ರಕ್ತ ಆ ಮಗುವಿಗೆ ನಿಜವಾಗಿಯೂ ಉಪಯೋಗಕ್ಕೆ ಬರಬಹುದು. ಪ್ರಪಂಚದಲ್ಲಿ ಮೊದಲ ಸಲ ಈ ಚಿಕಿತ್ಸೆ ಗೆದ್ದದ್ದು ಹೀಗೇ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ, ಫ್ಯಾಂಕೋನಿ ಅನೀಮಿಯಾ ಎಂಬ ರಕ್ತದ ಕಾಯಿಲೆ ಇದ್ದ ಹುಡುಗನಿಗೆ ಅವನ ಪುಟ್ಟ ತಂಗಿಯ ಹೊಕ್ಕುಳಬಳ್ಳಿ ರಕ್ತ ಕೊಟ್ಟು ಉಳಿಸಿದರು.

ಅಂಥದ್ದೇನೂ ಇಲ್ಲ ಅಂದರೆ, ಬೇಡ. ಕಾರಣ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಕಂಪನಿಯವರು ಕೂಡಿಡುವುದು ಮಗುವಿನ ರಕ್ತ, ಅದೇ ಮಗುವಿಗೆ. ಆದರೆ ಥಲಸ್ಸೀಮಿಯಾದಂಥ ಕಾಯಿಲೆ ಬಂದರೆ, ಆ ತಪ್ಪು ಹುಟ್ಟಿನಿಂದಲೇ ಇರುವಂಥದ್ದು. ಕೂಡಿಟ್ಟ ರಕ್ತದಲ್ಲೂ ಅದೇ ತಪ್ಪು ಇರುತ್ತದೆ. ಹುಳಿ ಹೆಪ್ಪಿನಿಂದ ಹುಳಿ ಮೊಸರೇ ಅಲ್ವಾ? ಮಕ್ಕಳ ರಕ್ತ ಕ್ಯಾನ್ಸರಿನಲ್ಲೂ ಕಾಯಿಲೆಯ ಬೀಜ ಎಷ್ಟೋ ಸಲ ಹುಟ್ಟುವ ಮೊದಲೇ ಬಿದ್ದಿರುತ್ತದೆ, ಅದಕ್ಕೇ ವೈದ್ಯರು ಬೇರೆಯವರ ಕೋಶಗಳನ್ನೇ ಹುಡುಕುತ್ತಾರೆ. ಮಗು ತನ್ನದೇ ಹೊಕ್ಕುಳಬಳ್ಳಿ ರಕ್ತವನ್ನು ಬಳಸುವ ಸಂಭವ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದರವರೆಗೆ ಎಂದು ಭಾರತದ ಮಕ್ಕಳ ತಜ್ಞರ ಸಂಘವೇ ಲೆಕ್ಕ ಕೊಟ್ಟಿದೆ. ಮುಂದೆ ಸ್ವಂತಕ್ಕೆ ಬೇಕಾದೀತು ಎಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಹೇಳಿದೆ.

ಇನ್ನೊಂದು ವಿಷಯ ಯಾವ ಏಜೆಂಟೂ ಹೇಳುವುದಿಲ್ಲ. ಆ ರಕ್ತಕ್ಕೆ ಹುಟ್ಟಿದ ಕ್ಷಣದಲ್ಲೇ ಕೆಲಸ ಇದೆ. ಮಗು ಹೊರಬಂದ ತಕ್ಷಣ ಬಳ್ಳಿ ಕತ್ತರಿಸದೆ ಒಂದು ನಿಮಿಷವಾದರೂ ಕಾಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಒಂದೆರಡು ನಿಮಿಷದಲ್ಲಿ ಬಳ್ಳಿ ಮಿಡಿಯುತ್ತಲೇ ಇರುತ್ತದೆ, ಅದರ ರಕ್ತ ಮಗುವಿನೊಳಗೆ ಹರಿಯುತ್ತದೆ, ಮುಂದಿನ ಎಷ್ಟೋ ತಿಂಗಳಿಗೆ ಬೇಕಾದ ಕಬ್ಬಿಣಾಂಶ ಅದರಲ್ಲಿ ಹೋಗುತ್ತದೆ. ರಕ್ತಹೀನತೆ ಇಷ್ಟೊಂದಿರುವ ನಮ್ಮ ಕಡೆ ಇದೇ ದೊಡ್ಡ ಉಳಿತಾಯ. ಹೆರಿಗೆ ಡಾಕ್ಟರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ, ಬಳ್ಳಿಯನ್ನು ಸ್ವಲ್ಪ ತಡೆದು ಕತ್ತರಿಸಿ ಅಂತ. ದುಡ್ಡು ಖರ್ಚಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ, ಆಟಿಸಂ ಅಂತ ಹೇಳಿದ್ದಾರೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಕೊಟ್ಟರೆ ಮಾತು ಬರುತ್ತದೆ ಅಂತಾರೆ, ಮೂರು ಸಲಕ್ಕೆ ಆರು ಲಕ್ಷ. ವಿಡಿಯೋ ತೋರಿಸಿದರು. ಚಿನ್ನ ಅಡ ಇಟ್ಟಾದರೂ ಕೊಡಿಸೋಣ ಅಂತ ನಮ್ಮ ಯಜಮಾನರು ಅಂತಾರೆ. ಬೇಡ ಅಂದರೆ ನಾನು ಮಗನಿಗೆ ಅನ್ಯಾಯ ಮಾಡಿದ ಹಾಗಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಇಲ್ಲ ತಾಯಿ. ಬೇಡ ಅನ್ನಿ, ಅದರಲ್ಲಿ ಅನ್ಯಾಯ ಏನೂ ಇಲ್ಲ. ಚಿನ್ನ ಪೆಟ್ಟಿಗೆಯಲ್ಲೇ ಇರಲಿ.

ಅವರು ಮಾಡುವುದೇನು ಗೊತ್ತಾ? ಸಾಮಾನ್ಯವಾಗಿ ಮಗುವಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ಎಳೆಯುತ್ತಾರೆ, ಅದನ್ನು ಮಂದ ಮಾಡಿ, ಬೆನ್ನಿನಲ್ಲಿ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರಿಗೆ ಬಿಡುತ್ತಾರೆ. ಮಜ್ಜೆಯ ಸ್ಟೆಮ್ ಸೆಲ್‌ಗೆ ಗೊತ್ತಿರುವುದು ರಕ್ತ ಮಾಡುವುದು. ಮಾತು ಕಲಿಸುವುದು ಅದಕ್ಕೆ ಗೊತ್ತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನು ನಂಬಿಕೆಯ ಮೇಲೆ ಬಿಡದೆ ಸರಿಯಾಗಿಯೇ ಪರೀಕ್ಷೆ ಮಾಡಿದರು. ಆಟಿಸಂ ಇರುವ 180 ಮಕ್ಕಳು. ಕೆಲವರಿಗೆ ಹೊಕ್ಕುಳಬಳ್ಳಿ ರಕ್ತ, ಕೆಲವರಿಗೆ ನೋಡಲು ಹಾಗೇ ಇರುವ ಬರೀ ದ್ರವ. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. 2020ರಲ್ಲಿ ಫಲಿತಾಂಶ ಬಂತು. ಮಕ್ಕಳ ಬೆರೆಯುವಿಕೆ ಹೆಚ್ಚುತ್ತದೆಯೇ ಎಂದು ನೋಡಲು ಹೊರಟಿದ್ದರು, ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ವಿಡಿಯೋದಲ್ಲಿನ ಮಗು ಮಾತಾಡಿದ್ದು ಸುಳ್ಳಾ ಅಂತ ಕೇಳುತ್ತೀರಿ. ಸುಳ್ಳೇ ಆಗಬೇಕಿಲ್ಲ. ಐದು ವರ್ಷದ ಮಗು ಆರಕ್ಕೆ ಬರುವಾಗ ಬೆಳೆಯುತ್ತದೆ. ಇಂಥ ಕಡೆ ಸೂಜಿಯ ಜೊತೆಗೆ ದಿನಾ ಸ್ಪೀಚ್ ಥೆರಪಿಯನ್ನೂ ಕೊಡಿಸುವುದುಂಟು, ಮನೆಯವರೂ ಆಸೆಯಿಂದ ಮಗುವಿನ ಜೊತೆ ಮೊದಲಿಗಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಮಗು ನಾಲ್ಕು ಮಾತು ಕಲಿತಾಗ ಹೆಸರು ಸೂಜಿಗೆ ಹೋಗುತ್ತದೆ. ಆ ಮಾತು ಕಲಿಸಿದ್ದು ಅಮ್ಮ ಮತ್ತು ಥೆರಪಿಸ್ಟ್.

ಅಪಾಯವೂ ಇದೆ. ಇಸ್ರೇಲಿನ ಒಬ್ಬ ಹುಡುಗನಿಗೆ ನರಗಳ ಅಪರೂಪದ ಕಾಯಿಲೆ ಇತ್ತು. ಒಂಬತ್ತು ವರ್ಷದಿಂದ ಶುರುಮಾಡಿ ಮೂರು ಸಲ ಮಾಸ್ಕೋಗೆ ಕರೆದುಕೊಂಡು ಹೋಗಿ ಭ್ರೂಣದಿಂದ ತೆಗೆದ ನರಕೋಶಗಳನ್ನು ಮೆದುಳಿಗೆ ಹಾಕಿಸಿದರು. ಮೊದಲ ಸಲ ಹಾಕಿಸಿ ನಾಲ್ಕು ವರ್ಷವಾದ ನಂತರ ಮೆದುಳಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆ ಕಂಡವು. ತೆಗೆದು ಪರೀಕ್ಷಿಸಿದರೆ ಆ ಗೆಡ್ಡೆಯ ಕೋಶಗಳು ಅವನವಲ್ಲ, ಹೊರಗಿನಿಂದ ಹಾಕಿದವು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೀಗಾಗುತ್ತದೆ ಅಂತ ಹೆದರಿಸುತ್ತಿಲ್ಲ, ಆದರೆ ಇದನ್ನೂ ತಿಳಿದುಕೊಂಡೇ ನಿರ್ಧಾರ ಮಾಡಬೇಕು.

ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರಿನಲ್ಲೇ ಆಟಿಸಂಗೆ ಸ್ಟೆಮ್ ಸೆಲ್ ಶಿಫಾರಸು ಮಾಡುವಂತಿಲ್ಲ ಎಂದು ಹೇಳಿದೆ. ಇದನ್ನು ನಿಮ್ಮ ಯಜಮಾನರಿಗೆ ತೋರಿಸಿ. ಅವರ ಮೇಲೆ ಸಿಟ್ಟಾಗಬೇಡಿ, ಮಗನಿಗಾಗಿ ಏನನ್ನಾದರೂ ಮಾರುತ್ತೇನೆ ಅನ್ನುವ ತಂದೆ ಅವರು. ಆ ಮನಸ್ಸಿಗೆ ಸರಿಯಾದ ದಾರಿ ತೋರಿಸಬೇಕು ಅಷ್ಟೇ. ನಿಮಗೆ ಧಾರವಾಡದ ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಆಸ್ಪತ್ರೆ, ಪಕ್ಕದಲ್ಲೇ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ, ಮನೆಯಲ್ಲೇ ದಿನಾ ಏನೇನು ಮಾಡಿಸಬೇಕು ಅಂತ ತಾಯಂದಿರಿಗೂ ಕಲಿಸುತ್ತಾರೆ. ನಿಧಾನದ ದಾರಿ ಇದು, ಆದರೆ ಮಗು ನಡೆಯುವ ದಾರಿ.

ಪ್ರಶ್ನೆ: ನಮ್ಮವರು ಮೂರು ವರ್ಷದ ಕೆಳಗೆ ಅಡಿಕೆ ಮರದಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಜಪಾನಿನಲ್ಲಿ ಸ್ಟೆಮ್ ಸೆಲ್‌ನಿಂದ ಒಬ್ಬರು ಎದ್ದು ನಿಂತರಂತೆ, ನಿಜವಾ?
– ಶಿರಸಿ

ಉತ್ತರ: ನಿಜ. ಪೂರ್ತಿ ಕೇಳಿ. ಟೋಕಿಯೋದ ಕೆಯೊ ವಿಶ್ವವಿದ್ಯಾಲಯದವರು ನಾಲ್ಕು ಜನರ ಬೆನ್ನುಹುರಿಗೆ ತಲಾ 20 ಲಕ್ಷ ಕೋಶ ಹಾಕಿದರು, 2025ರ ಮಾರ್ಚಿನಲ್ಲಿ ಫಲಿತಾಂಶ ಹೇಳಿದರು. ಒಬ್ಬರು ಎದ್ದು ನಿಂತು ನಡಿಗೆಯ ಅಭ್ಯಾಸ ಶುರುಮಾಡಿದರು, ಇನ್ನೊಬ್ಬರಿಗೆ ಕೈಕಾಲಿನಲ್ಲಿ ಸ್ವಲ್ಪ ಚಲನೆ ಬಂತು, ಉಳಿದಿಬ್ಬರಿಗೆ ಹೇಳುವಂಥ ಬದಲಾವಣೆ ಇಲ್ಲ. ಆದರೆ ಕೋಶ ಹಾಕಿದ್ದು ಪೆಟ್ಟು ಬಿದ್ದು ಎರಡರಿಂದ ನಾಲ್ಕು ವಾರದೊಳಗೆ. ಆ ಸಮಯದಲ್ಲಿ ಕೆಲವರಿಗೆ ತಾನಾಗಿಯೂ ಸ್ವಲ್ಪ ಸುಧಾರಣೆ ಆಗುವುದುಂಟು, ಹಾಗಾಗಿ ನಾಲ್ಕು ಜನರಿಂದ ಏನನ್ನೂ ಗಟ್ಟಿಯಾಗಿ ಹೇಳುವುದು ಕಷ್ಟ. ಮೂರು ವರ್ಷದ ಹಳೆಯ ಗಾಯದಲ್ಲಿ ಕಲೆ ಗಟ್ಟಿಯಾಗಿರುತ್ತದೆ, ಅದನ್ನು ದಾಟಿ ನರ ಬೆಳೆಸುವುದು ಇನ್ನೂ ಯಾರ ಕೈಗೂ ಬಂದಿಲ್ಲ.

ನಿಮ್ಮ ಪತ್ರ ನನಗೆ ಮನೆಯವರ ಪತ್ರದಂತೆಯೇ ಇತ್ತು. ನಮ್ಮ ಸೋದರಮಾವನೂ ಹೀಗೇ ಅಡಿಕೆ ಕೊನೆ ಕೊಯ್ಯಲು ಹತ್ತಿ ಬಿದ್ದವರು. ನಾನು ಆಗ ಓದುತ್ತಿದ್ದೆ. ಯಾರದೋ ಮಾತು ಕೇಳಿ ದೂರದ ಊರಿನ ಒಂದು ಕ್ಲಿನಿಕ್‌ಗೆ ಎರಡು ಸಲ ಕರೆದುಕೊಂಡು ಹೋದರು, ಅರ್ಧ ಎಕರೆ ತೋಟ ಹೋಯಿತು. ಕಾಲು ಅಲ್ಲಾಡಲಿಲ್ಲ. ಮಲಗಿಸಿಕೊಂಡು ಅಷ್ಟು ದೂರ ಹೋಗಿ ಬಂದ ಮೇಲೆ ಬೆನ್ನಿನ ಕೆಳಗೆ ಹುಣ್ಣಾಯಿತು, ಅದು ವಾಸಿಯಾಗಲು ಎಂಟು ತಿಂಗಳು ಬೇಕಾಯಿತು. ಅತ್ತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ರಾತ್ರಿಯೂ. ಮಾವ ಇನ್ನೂ ಹದಿನಾಲ್ಕು ವರ್ಷ ಬದುಕಿದ್ದು ಆ ಕೈಗಳಿಂದ. ನಿಮ್ಮವರ ಚರ್ಮ, ಮೂತ್ರದ ನಳಿಕೆಯ ಶುಚಿ, ಭುಜದ ವ್ಯಾಯಾಮ, ಒಳ್ಳೆಯ ಗಾಲಿಕುರ್ಚಿ, ಇವಕ್ಕೆ ದುಡ್ಡು ಹಾಕಿ.

ಪ್ರಶ್ನೆ: ಆರು ವರ್ಷದ ಮೊಮ್ಮಗ ಎಲೆ ಅಡಿಕೆ ಸುಣ್ಣದ ಟ್ಯೂಬ್ ಒತ್ತಿ ಆಡುವಾಗ ಅದು ಸಿಡಿದು ಕಣ್ಣಿಗೆ ಹೋಯಿತು. ವರ್ಷವಾಯಿತು, ಆ ಕಣ್ಣು ಬೆಳ್ಳಗಾಗಿದೆ, ಬೆಳಕು ಮಾತ್ರ ತಿಳಿಯುತ್ತದೆ. ಟ್ಯೂಬ್ ತಂದಿಟ್ಟವಳು ನಾನು. ಏನಾದರೂ ದಾರಿ ಇದೆಯಾ?
– ಅಜ್ಜಿ, ರಾಯಚೂರು ಜಿಲ್ಲೆ

ಉತ್ತರ: ದಾರಿ ಇದೆ ಅಜ್ಜಿ. ಅದೂ ನಿಮ್ಮ ಊರಿಗೆ ಹತ್ತಿರದಲ್ಲೇ, ಹೈದರಾಬಾದಿನಲ್ಲಿ.

ಕಣ್ಣಿನ ಕರಿಭಾಗ ಮತ್ತು ಬಿಳಿಭಾಗ ಕೂಡುವ ಕಡೆ ಒಂದು ತೆಳ್ಳನೆಯ ಅಂಚಿದೆ, ಬಳೆಯ ಹಾಗೆ ಸುತ್ತ. ಕಣ್ಣಿನ ಮುಂದಿನ ಪಾರದರ್ಶಕ ಪರದೆಗೆ ಕಾರ್ನಿಯಾ ಅಂತಾರೆ, ಅದರ ಮೇಲ್ಪದರಕ್ಕೆ ಬೇಕಾದ ಹೆಪ್ಪೆಲ್ಲ ಆ ಅಂಚಿನಲ್ಲಿರುತ್ತದೆ. ಸುಣ್ಣ ಸುಡುವುದು ಅದನ್ನೇ. ಅಂಚು ಸತ್ತರೆ ಬಿಳಿಭಾಗದ ಚರ್ಮ, ರಕ್ತನಾಳ ಎಲ್ಲ ಕಾರ್ನಿಯಾ ಮೇಲೆ ಹಬ್ಬುತ್ತವೆ, ಬೇಲಿ ಮುರಿದ ಗದ್ದೆಗೆ ಕಳೆ ನುಗ್ಗಿದ ಹಾಗೆ. ಇಂಥ ಕಣ್ಣಿಗೆ ಸತ್ತವರ ಕಾರ್ನಿಯಾ ತಂದು ಹಾಕಿದರೂ ನಿಲ್ಲುವುದಿಲ್ಲ, ಹೆಪ್ಪೇ ಇಲ್ಲವಲ್ಲ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯವರು 2001ರಿಂದ ಈ ಕೆಲಸ ಮಾಡುತ್ತಿದ್ದಾರೆ. ಮೊದಲು ಆ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಹಾಕುತ್ತಿದ್ದರು, ಖರ್ಚು ಜಾಸ್ತಿ. ಡಾ. ವೀರೇಂದರ್ ಸಂಗ್ವಾನ್ ಮತ್ತು ಜೊತೆಗಾರರು ಒಂದು ಸುಲಭ ದಾರಿ ಕಂಡುಹಿಡಿದು 2012ರಲ್ಲಿ ಪ್ರಕಟಿಸಿದರು. ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಉದ್ದಗಲದ ಚೂರು, ಎಳ್ಳುಕಾಳಿನಷ್ಟು, ತೆಗೆಯುತ್ತಾರೆ. ಕೆಟ್ಟ ಕಣ್ಣಿನ ಮೇಲೆ ಹಬ್ಬಿದ ಪೊರೆಯನ್ನು ಬಿಡಿಸಿ, ಅಲ್ಲಿ ಹೆರಿಗೆಯಲ್ಲಿ ಸಿಗುವ, ಹೊಟ್ಟೆಯೊಳಗೆ ಮಗುವನ್ನು ಸುತ್ತಿದ್ದ ತೆಳು ಪೊರೆ ಹಾಸುತ್ತಾರೆ. ಆ ಎಳ್ಳಿನಷ್ಟು ಚೂರನ್ನು ಎಂಟೋ ಹತ್ತೋ ತುಂಡು ಮಾಡಿ, ಸಸಿ ನಾಟಿ ಮಾಡಿದ ಹಾಗೆ ಅಲ್ಲಲ್ಲಿ ಇಟ್ಟು ಅಂಟಿಸುತ್ತಾರೆ. ಸುಮಾರು ಎರಡು ವಾರದಲ್ಲಿ ಅವು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಲ್ಯಾಬೇ ಬೇಡ, ಕಣ್ಣೇ ಲ್ಯಾಬು! ನೂರಾ ಇಪ್ಪತ್ತೈದು ಜನರ ಮೇಲೆ ನೋಡಿ 2016ರಲ್ಲಿ ವರದಿ ಮಾಡಿದರು, ಅರ್ಧದಷ್ಟು ಮಕ್ಕಳೇ. ಶೇಕಡ 76 ಜನರಲ್ಲಿ ಪದರ ನಿಂತಿತು. ಸ್ಟೆಮ್ ಸೆಲ್ ಅಂದರೆ ಎಲ್ಲ ಮೋಸ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೊಮ್ಮಗನಿಗೆ ಆಗುತ್ತದೆಯೋ ಇಲ್ಲವೋ ಅಂತ ಕಣ್ಣು ನೋಡಿಯೇ ಹೇಳಬೇಕು. ಇನ್ನೊಂದು ಕಣ್ಣು ಚೆನ್ನಾಗಿರುವುದು ಒಳ್ಳೆಯ ಲಕ್ಷಣ. ಚಿಕ್ಕ ಮಕ್ಕಳಲ್ಲಿ ಉಪಯೋಗಿಸದ ಕಣ್ಣನ್ನು ಮೆದುಳು ಮರೆಯುತ್ತಾ ಹೋಗುತ್ತದೆ, ಹಾಗಾಗಿ ಇನ್ನು ತಡ ಬೇಡ. ಕೈಯಲ್ಲಿ ದುಡ್ಡಿಲ್ಲ ಅಂತ ಹಿಂಜರಿಯಬೇಡಿ, ಆ ಆಸ್ಪತ್ರೆಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಉಚಿತವಾಗಿಯೇ ನೋಡುತ್ತಾರೆ. ಟ್ಯೂಬ್ ತಂದಿಟ್ಟವಳು ನಾನು ಅಂತ ಕೊರಗಬೇಡಿ ಅಜ್ಜಿ. ಎಲೆ ಅಡಿಕೆ ಇರುವ ಪ್ರತಿ ಮನೆಯಲ್ಲೂ ಸುಣ್ಣ ಇರುತ್ತದೆ.

ಓದುವ ಎಲ್ಲರಿಗೂ: ಸುಣ್ಣ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಶುದ್ಧ ನೀರು ಸುರಿಯಿರಿ. ಹಾಲು, ತುಪ್ಪ, ಎಣ್ಣೆ ಬೇಡ. ಆಮೇಲೆ ಓಡಿ.

ಪ್ರಶ್ನೆ: ವಯಸ್ಸು 64, ನಿವೃತ್ತ ಮೇಷ್ಟ್ರು. ಎರಡೂ ಮಂಡಿ ಸವೆದಿವೆ. ಆಪರೇಷನ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್ ಸಾಕು ಎಂದು ಒಬ್ಬರು ಹೇಳಿದರು. ಮೂಳೆಯ ಗಾದಿ ಮತ್ತೆ ಬೆಳೆಯುತ್ತದೆಯೇ?
– ಉಡುಪಿ

ಉತ್ತರ: ಗಾದಿ ಹೊಸದಾಗಿ ಬೆಳೆಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ ಮೇಷ್ಟ್ರೇ. ನೋವು ಕಡಿಮೆ ಆಗಬಹುದು, ಅದೂ ಕೆಲವರಿಗೆ.

ಇದರಲ್ಲಿ ನಮ್ಮ ಬೆಂಗಳೂರಿಗೆ ಒಂದು ಪಾಲಿದೆ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಕಂಪನಿಯವರು ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಕೋಶ ಬೆಳೆಸಿ ಔಷಧ ಮಾಡಿದ್ದಾರೆ. ಮೊದಲು ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಬರ್ಜರ್ಸ್ ಕಾಯಿಲೆಗೆ, ಅಂದರೆ ಬೀಡಿ ಸಿಗರೇಟು ಸೇದುವವರ ಕಾಲಿನ ರಕ್ತನಾಳ ಮುಚ್ಚಿ ಬೆರಳು ಕೊಳೆಯುತ್ತದಲ್ಲ, ಅದಕ್ಕೆ. ಮಂಡಿ ಸವೆತಕ್ಕೂ 2022ರಲ್ಲಿ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅವರ ಪರೀಕ್ಷೆಯಲ್ಲಿ 146 ಜನರಿದ್ದರು, ನಡು ಹಂತದ ಸವೆತದವರು, ನೋವು ಕಡಿಮೆ ಆಯಿತು. ಆದರೆ 2023ರಲ್ಲಿ ಅಮೆರಿಕದಿಂದ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಸುಮಾರು 475 ಜನರಿಗೆ ಮೂರು ಬಗೆಯ ಕೋಶ ಚುಚ್ಚಿ ಹಳೆಯ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ಒಂದು ವರ್ಷದ ಮೇಲೆ ಯಾವ ಕೋಶವೂ ಸ್ಟೀರಾಯ್ಡಿಗಿಂತ ಮೇಲು ಅನಿಸಲಿಲ್ಲ. ಎರಡು ಕಡೆಯ ಕೋಶವೂ ಒಂದೇ ಅಲ್ಲ, ಹಾಗಾಗಿ ಲೆಕ್ಕ ಇನ್ನೂ ಮುಗಿದಿಲ್ಲ.

ಈ ಕೋಶಗಳಿಗೆ 1991ರಲ್ಲಿ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ದಯವಿಟ್ಟು ಆ ಹೆಸರು ಬದಲಿಸಿ ಎಂದು ಬರೆದರು. ಇವು ಹೋದ ಕಡೆ ಹೊಸ ಅಂಗಾಂಶ ಕಟ್ಟುವುದಿಲ್ಲ, ಊತ ಇಳಿಸುವ ಸಂದೇಶ ಕಳಿಸುತ್ತವೆ ಅಷ್ಟೇ ಎಂಬುದು ಅವರ ವಾದ. ಹೆಸರಿಟ್ಟವರೇ ಹೀಗೆ ಹೇಳಿದ್ದು ದೊಡ್ಡ ಮಾತು, ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ನಿಮ್ಮ ಸವೆತ ಯಾವ ಹಂತದ್ದು ಎಂದು ಮೊದಲು ಕೇಳಿ. ಮೂಳೆಗೆ ಮೂಳೆ ತಾಗುತ್ತಿದ್ದರೆ ಇಂಜೆಕ್ಷನ್ ದಂಡ, ಮಂಡಿ ಬದಲಿಸುವುದೇ ಸರಿ. ಅಷ್ಟಾಗಿಲ್ಲದಿದ್ದರೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮೂರು ತಿಂಗಳು ಬಿಡದೆ ಮಾಡಿ. ಹೊಟ್ಟೆಯ ಕೊಬ್ಬು ತೆಗೆದು ಅಲ್ಲೇ ಸೋಸಿ ಚುಚ್ಚುತ್ತೇವೆ ಅನ್ನುವ ಕಡೆ ಹೋಗಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ 2015ರಲ್ಲಿ ಹೀಗೇ ಕೊಬ್ಬಿನಿಂದ ತೆಗೆದದ್ದನ್ನು ಮೂವರು ಹೆಂಗಸರ ಎರಡೆರಡು ಕಣ್ಣಿಗೂ ಚುಚ್ಚಿ, ಮೂವರಿಗೂ ಹೆಚ್ಚುಕಡಿಮೆ ಕಣ್ಣೇ ಹೋಯಿತು. ತಲಾ 5,000 ಡಾಲರ್ ಕೊಟ್ಟು.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಬಿಟ್ಟವರಿದ್ದಾರೆ ಎಂದು ಓದಿದೆ.
– ಹಾಸನ

ಉತ್ತರ: ಇದ್ದಾರೆ. ಈ ಅಂಕಣದಲ್ಲಿ ನಾನು ಅತಿ ಖುಷಿಯಿಂದ ಬರೆಯುತ್ತಿರುವ ಉತ್ತರ ಇದು, ಆದರೆ ನಿಮ್ಮ ಮಗಳಿಗೆ ನಾಳೆಯೇ ಸಿಗುವಂಥದ್ದಲ್ಲ.

ಅಮೆರಿಕದ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಎಂಬ ವಿಜ್ಞಾನಿ ಕಪ್ಪೆಗಳ ಬೆಳವಣಿಗೆ ಓದುತ್ತಿದ್ದವರು. ಮಗನಿಗೆ ಆರು ತಿಂಗಳಿದ್ದಾಗ ಟೈಪ್ 1 ಬಂತು, ಆಮೇಲೆ ಮಗಳಿಗೂ ಬಂತು. ಕಪ್ಪೆ ಬಿಟ್ಟು ಇದನ್ನೇ ಹಿಡಿದರು. ಭ್ರೂಣದ ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಮಾಡುವ ಕೋಶಗಳನ್ನು ಲ್ಯಾಬಿನಲ್ಲಿ ಬೇಕಾದಷ್ಟು ಬೆಳೆಸಿದ್ದು 2014ರಲ್ಲಿ, ಎರಡು ದಶಕದ ದುಡಿಮೆ. ಆ ದಾರಿಯಲ್ಲೇ ವರ್ಟೆಕ್ಸ್ ಕಂಪನಿ ಮಾಡಿದ ಪರೀಕ್ಷೆಯ ಫಲಿತಾಂಶ 2025ರ ಜೂನ್‌ನಲ್ಲಿ ಬಂತು. ಪೂರ್ತಿ ಪ್ರಮಾಣ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಪೂರ್ತಿ ಬಿಟ್ಟಿದ್ದರು. ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಕೋಶ ಬಿಟ್ಟರೆ ಅವು ಅಲ್ಲೇ ಮನೆ ಮಾಡಿಕೊಂಡು, ಊಟವಾದಾಗ ಇನ್ಸುಲಿನ್ ಸುರಿಸುತ್ತವೆ!

ತೊಡಕು ಏನಪ್ಪಾ ಅಂದರೆ ಆ ಕೋಶ ಬೇರೆಯವರದ್ದು. ದೇಹ ಅದನ್ನು ಕೊಲ್ಲದಿರಲು ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕು. ಆ ಪರೀಕ್ಷೆಯಲ್ಲೇ ಒಬ್ಬರು ಮೆದುಳ ಪೊರೆಯ ಸೋಂಕಿನಿಂದ ತೀರಿಕೊಂಡರು. ಸಕ್ಕರೆ ಇಳಿದದ್ದೂ ಗೊತ್ತಾಗದೆ ಪದೇ ಪದೇ ಎಚ್ಚರ ತಪ್ಪಿ ಬೀಳುವವರಿಗೆ ಈ ಅಪಾಯ ಒಪ್ಪಬಹುದು. ಹನ್ನೊಂದು ವರ್ಷದ ಮಗುವಿಗೆ ಇನ್ಸುಲಿನ್ನೇ ವಾಸಿ.

ಇನ್ನೊಂದು ದಾರಿಯೂ ಇದೆ. 2006ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶಿನ್ಯಾ ಯಮನಾಕಾ ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ, ಅದನ್ನು ಭ್ರೂಣದ ಕೋಶದಂತೆ ಮಾಡಿದರು. ಮೊಸರನ್ನು ಮತ್ತೆ ಹಾಲು ಮಾಡಿದ ಹಾಗೆ. ಮರುವರ್ಷ ಮನುಷ್ಯರ ಕೋಶದಲ್ಲೂ ಆಯಿತು, 2012ರಲ್ಲಿ ನೊಬೆಲ್ ಬಂತು. ಅಂದರೆ ನಮ್ಮದೇ ಚರ್ಮದಿಂದ ನಮಗೆ ಬೇಕಾದ ಕೋಶ. ಆದರೆ ಆ ನಾಲ್ಕರಲ್ಲಿ ಒಂದು ಕ್ಯಾನ್ಸರಿಗೆ ಹೆಸರಾದ ಜೀನ್. ಜಪಾನಿನಲ್ಲೇ 2014ರಲ್ಲಿ ಒಬ್ಬ ವೃದ್ಧೆಯ ಕಣ್ಣಿಗೆ ಇಂಥ ಕೋಶ ಹಾಕಿದರು, ಎರಡನೆಯ ರೋಗಿಯ ಕೋಶದಲ್ಲಿ ಜೀನ್ ಬದಲಾವಣೆಗಳು ಕಂಡದ್ದೇ ಹಾಕದೆ ನಿಲ್ಲಿಸಿಬಿಟ್ಟರು. ಹಾಗೆ ನಿಲ್ಲಿಸುವವರ ಕೈಯಲ್ಲೇ ಈ ಚಿಕಿತ್ಸೆ ಬೆಳೆಯಬೇಕು. ಮಗಳ ಸಕ್ಕರೆ ಈಗ ಹಿಡಿತದಲ್ಲಿಟ್ಟರೆ ಆ ದಿನ ಬಂದಾಗ ಅವಳ ಕಣ್ಣು, ಕಿಡ್ನಿ ಚೆನ್ನಾಗಿರುತ್ತವೆ.

ಪ್ರಶ್ನೆ: ಸ್ಟೆಮ್ ಸೆಲ್ ಇರುವ ಮುಖದ ಕ್ರೀಮ್ ಹಚ್ಚಿದರೆ ಸುಕ್ಕು ಹೋಗುತ್ತದಾ?
– ತುಮಕೂರು

ಉತ್ತರ: ಡಬ್ಬಿಯಲ್ಲಿ ಜೀವಂತ ಕೋಶ ಉಳಿಯುವುದಿಲ್ಲ. ಇರುವುದು ಸೇಬಿನದ್ದೋ ದ್ರಾಕ್ಷಿಯದ್ದೋ ಸಾರ. ಆ ದುಡ್ಡಿಗೆ ಒಳ್ಳೆಯ ಸನ್‌ಸ್ಕ್ರೀನ್ ಬರುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಕೆನ್ನೆಯೊಳಗೆ ಹತ್ತಿಕಡ್ಡಿ ಸವರಿ ಸ್ಟೆಮ್ ಸೆಲ್ ದಾನಿಯಾಗಿ ಹೆಸರು ಬರೆಸಿದ್ದೆ. ಈಗ ಫೋನ್ ಬಂದಿದೆ, ಯಾರಿಗೋ ನನ್ನದು ಹೊಂದಿದೆಯಂತೆ. ಬೆನ್ನುಮೂಳೆಗೆ ಚುಚ್ಚುತ್ತಾರೆ, ಮುಂದೆ ಮಕ್ಕಳಾಗಲ್ಲ ಅಂತ ಅಮ್ಮ ಅಳುತ್ತಿದ್ದಾರೆ.
– 24 ವರ್ಷದ ಯುವಕ, ಕಲಬುರಗಿ

ಉತ್ತರ: ಮೊದಲು ಅಮ್ಮನಿಗೆ: ಬೆನ್ನುಮೂಳೆಗೆ ಯಾರೂ ಕೈ ಹಾಕುವುದಿಲ್ಲಮ್ಮ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈಗ ಹೆಚ್ಚಿನ ಕಡೆ ರಕ್ತದಿಂದಲೇ ತೆಗೆಯುತ್ತಾರೆ. ಐದು ದಿನ ದಿನಕ್ಕೊಂದು ಇಂಜೆಕ್ಷನ್, ಅದು ಮಜ್ಜೆಯ ಹೆಪ್ಪನ್ನು ರಕ್ತಕ್ಕೆ ಇಳಿಸುತ್ತದೆ. ಆ ದಿನಗಳಲ್ಲಿ ಮೈಕೈ ನೋವು, ಜ್ವರ ಬಂದ ಹಾಗೆ ಇರುತ್ತದೆ, ಪ್ಯಾರಾಸಿಟಮಾಲ್ ಸಾಕು. ಕೊನೆಗೆ ಒಂದು ದಿನ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಯಂತ್ರ ಬೇಕಾದ ಕೋಶವನ್ನು ಆರಿಸಿಕೊಂಡು ಉಳಿದ ರಕ್ತವನ್ನು ಇನ್ನೊಂದು ಕೈಗೆ ವಾಪಸ್ ಕೊಡುತ್ತದೆ. ಕೊಟ್ಟದ್ದು ಕೆಲವೇ ವಾರದಲ್ಲಿ ನಿಮ್ಮಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆ ಕಡೆ ಏನಾಗುತ್ತದೆ ಅನ್ನುವುದನ್ನು ನಾನು ರಕ್ತದ ಕಾಯಿಲೆಯ ವಾರ್ಡಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ, ನೀವೂ ತಿಳಿದಿರಲಿ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಿಕೆ ಸಿಗುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ, ಅದಕ್ಕೇ ಹೊರಗಿನ ದಾನಿಯನ್ನು ಹುಡುಕುತ್ತಾರೆ. ನಿಮ್ಮ ಕೋಶ ಬರುವ ಒಂದು ವಾರ ಮೊದಲೇ ಬಲವಾದ ಕೀಮೋ ಕೊಟ್ಟು ರೋಗಿಯ ಮಜ್ಜೆಯನ್ನು ಪೂರ್ತಿ ಅಳಿಸುತ್ತಾರೆ. ಆಮೇಲೆ ಅವರಿಗೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಹಾಗಾಗಿ ಬೇಡ ಅನ್ನುವುದಿದ್ದರೆ ಈಗಲೇ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ಕೀಮೋ ಶುರುವಾದ ಮೇಲೆ ಮಾತ್ರ ಹಿಂಜರಿಯಬಾರದು, ಆಗ ಆ ಜೀವ ನಿಮ್ಮ ಕೈಯಲ್ಲಿರುತ್ತದೆ.

ನಿಮ್ಮ ಕೋಶ ಒಂದು ಚಿಕ್ಕ ಚೀಲದಲ್ಲಿ ಬರುತ್ತದೆ. ಆಪರೇಷನ್ ಥಿಯೇಟರ್ ಇಲ್ಲ, ಏನಿಲ್ಲ, ಗ್ಲೂಕೋಸ್ ಹಾಕುವ ಹಾಗೆ ನರಕ್ಕೆ ಹನಿಹನಿಯಾಗಿ ಬಿಡುತ್ತಾರೆ. ದಾರಿ ಯಾರೂ ತೋರಿಸುವುದಿಲ್ಲ. ಆ ಕೋಶಗಳು ಮೈಯೆಲ್ಲ ಸುತ್ತಿ ತಾವೇ ಮೂಳೆ ಹುಡುಕಿಕೊಂಡು ಒಳಗೆ ಹೋಗಿ ಕೂರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ. ಆಮೇಲೆ ಎರಡು ಮೂರು ವಾರ ಕಾಯುವುದು. ದಿನಾ ಬೆಳಗ್ಗೆ ಬಾಗಿಲ ಆಚೆ ನಿಂತ ಮನೆಯವರದ್ದು ಒಂದೇ ಪ್ರಶ್ನೆ, ಕೌಂಟ್ ಏರಿತಾ? ಕೌಂಟ್ ಅಂದರೆ ಬಿಳಿ ರಕ್ತಕಣದ ಲೆಕ್ಕ. ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ. ಒಂದು ಬೆಳಗ್ಗೆ 100 ಅಂತ ಬರುತ್ತದೆ, ಎರಡು ದಿನಕ್ಕೆ 500. ಆ ದಿನ ಇಡೀ ವಾರ್ಡಿಗೆ ಸಿಹಿ ಹಂಚಿದ ಅಪ್ಪಂದಿರನ್ನು ಕಂಡಿದ್ದೇನೆ. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರು ಸೋಂಕಿನಿಂದ, ಕೆಲವರು ಹೊಸ ಕೋಶ ದೇಹದ ಮೇಲೆಯೇ ತಿರುಗಿಬಿದ್ದು ಹೋಗುತ್ತಾರೆ. ಆದರೂ ಅಮೆರಿಕದ ವೈದ್ಯ ಡೊನಾಲ್ ಥಾಮಸ್ 1957ರಲ್ಲಿ ಈ ಮಜ್ಜೆ ಕಸಿಯನ್ನು ಶುರುಮಾಡಿದಾಗ ರೋಗಿಗಳು ಉಳಿಯುತ್ತಲೇ ಇರಲಿಲ್ಲ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ಮೊದಲ ಸಲ ಮಾಡಿದರು. ಈಗ ವೆಲ್ಲೂರಿನ ಸಿಎಂಸಿಯವರು ಹಿಮೋಫಿಲಿಯಾ, ಅಂದರೆ ಗಾಯವಾದರೆ ರಕ್ತ ನಿಲ್ಲದ ಕಾಯಿಲೆ, ಇದ್ದ ಐದು ಜನರ ಸ್ವಂತ ಸ್ಟೆಮ್ ಸೆಲ್ ತೆಗೆದು, ಅದಕ್ಕೆ ಸರಿಯಾದ ಜೀನ್ ಸೇರಿಸಿ ವಾಪಸ್ ಹಾಕಿ, ಐದೂ ಜನರ ರಕ್ತಸ್ರಾವ ನಿಲ್ಲಿಸುವವರೆಗೆ ಬಂದಿದ್ದಾರೆ. 2024ರ ಡಿಸೆಂಬರಿನ ಸುದ್ದಿ ಅದು.

ನೀವು ಹೋಗುವ ದಿನಕ್ಕೆ ಒಂದೆರಡು ಮಾತು. ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿ, ಹಾಲು ಮೊಸರು ಇರಲಿ, ಯಂತ್ರ ನಡೆಯುವಾಗ ಕ್ಯಾಲ್ಸಿಯಂ ಇಳಿದು ತುಟಿ ಜುಮ್ಮೆನ್ನುತ್ತದೆ, ಹಾಗಾದರೆ ನರ್ಸಿಗೆ ಹೇಳಿ. ಕುರ್ಚಿ ಹತ್ತುವ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ. ನಾಲ್ಕು ಗಂಟೆ ಎರಡೂ ಕೈ ಮಡಚುವ ಹಾಗಿಲ್ಲ, ಮೂಗು ತುರಿಸಿದರೂ ಬೇರೆಯವರೇ ಕೆರೆಯಬೇಕು. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕೂತು ಅವರೇ ನೋಡಲಿ, ಮಧ್ಯಾಹ್ನ ಹಸಿವಾದಾಗ ಅವರೇ ತಿನ್ನಿಸಲಿ.